ಕೈ ಬಿಟ್ಟರೂ ಭಾರ ನಿಲ್ಲಬೇಕು

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಯಿತು. ಗೇಟು ಕೊಚ್ಚಿಕೊಂಡು ಹೋಯಿತು. ರೈತರು ಕಣ್ಣು ನೆಟ್ಟು ಕಾದಿದ್ದ ನೀರು ಹೊಳೆಯ ಪಾಲಾಯಿತು. ಒಟ್ಟು 33 ಗೇಟುಗಳ ಅಣೆಕಟ್ಟೆಯಲ್ಲಿ ಒಂದೇ ಒಂದು ಗೇಟಿನ ಕೊಂಡಿ ಕಳಚಿದ್ದಕ್ಕೆ ಮೂರು ರಾಜ್ಯಗಳ ಅಚ್ಚುಕಟ್ಟು ಪ್ರದೇಶ ಉಸಿರು ಬಿಗಿಹಿಡಿದು ಕೂತಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನ ನಡುವೆಯೇ ಸ್ಟಾಪ್‌ಲಾಗ್ ಎಂಬ ತಡೆಫಲಕಗಳನ್ನು ಇಳಿಸಿ ಆ ಕಿಂಡಿಯನ್ನು ಮುಚ್ಚುವ ಹೊತ್ತಿಗೆ ವಾರ ಕಳೆದಿತ್ತು.

ಅದೇ ಹೊಳೆಯ ಮೇಲ್ದಂಡೆಯಲ್ಲಿರುವ ಹರಿಹರ, ಅಲ್ಲಿಂದ ಕೂಗಳತೆಯ ದಾವಣಗೆರೆ. ಈ ಎರಡೂ ಊರುಗಳಲ್ಲಿ ಭಾರ ಎತ್ತುವ ಸಲಕರಣೆ ಇಲ್ಲದ ಬೀದಿ ಸಿಗುವುದು ಕಷ್ಟ. ಅಣೆಕಟ್ಟೆಯ ಚೈನ್ ತುಂಡಾದರೆ ಅದು ಮುಖಪುಟದ ಸುದ್ದಿ. ಶೆಡ್ಡಿನಲ್ಲೋ ಹೊಲದಲ್ಲೋ ಕೈಯಿಂದ ತಿರುಗಿಸಿ ಭಾರ ಎತ್ತುವ ವಿಂಚಿನ ಹಗ್ಗ ತುಂಡಾಗಿ ಒಬ್ಬ ಹೆಲ್ಪರ್‌ನ ಮುಂಗೈ ಮುರಿದರೆ ಅದು ಆ ಮನೆಯವರಿಗೆ ಮಾತ್ರ ಗೊತ್ತು. ಎರಡರ ಹಿಂದೆಯೂ ಕೇಳಬೇಕಾದ ಪ್ರಶ್ನೆ ಒಂದೇ: ಭಾರವನ್ನು ನಿಜವಾಗಿ ಹಿಡಿದಿರುವುದು ಯಾವುದು, ಅದನ್ನು ಕೊನೆಯ ಸಲ ಯಾರು ಯಾವಾಗ ನೋಡಿದರು?

ಒಂದೇ ಕೊಂಡಿಗೆ ತುಂಡಾಗುವ ಚೈನಿನ ಈ ಸ್ವಭಾವವೇ ತಂತಿ ಹಗ್ಗದ ಹುಟ್ಟಿಗೂ ಕಾರಣ. ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿಗಳಲ್ಲಿ ಅದಿರು ಎತ್ತುವ ಚೈನುಗಳು ಮುನ್ಸೂಚನೆಯಿಲ್ಲದೆ ತುಂಡಾಗುವುದನ್ನು ಕಂಡು ಬೇಸತ್ತ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ 1834ರಲ್ಲಿ ಕಬ್ಬಿಣದ ತಂತಿಗಳನ್ನು ಹುರಿ ಮಾಡಿ ಹಗ್ಗ ಹೊಸೆಸಿದ. ಚೈನಿನಲ್ಲಿ ಒಂದು ಕೊಂಡಿ ಹೋದರೆ ಎಲ್ಲವೂ ಹೋಯಿತು. ತಂತಿ ಹಗ್ಗದಲ್ಲಿ ಹಾಗಲ್ಲ. ಒಂದು ತಂತಿ ಮುರಿದರೆ ಪಕ್ಕದವು ಹೊರುತ್ತವೆ, ಮುರಿದ ತುದಿ ಹೊರಗೆ ಚಾಚಿ ಕಣ್ಣಿಗೆ ಬೀಳುತ್ತದೆ. ಅದು ಹೇಳಿಯೇ ಹೋಗುವ ವಸ್ತು. ಕೈ ವಿಂಚ್ ಬಳಸುವವರು ಕಲಿಯಬೇಕಾದದ್ದರಲ್ಲಿ ಅರ್ಧ ಪಾಲು ಈ ಸೂಚನೆಯನ್ನು ಓದುವುದು.

ಎರಡೂ ಊರಿಗೆ ಭಾರ ಎತ್ತುವ ಕಸುಬು ಬಂದದ್ದು ಗಿರಣಿ ಮತ್ತು ಕಾರ್ಖಾನೆಗಳ ಜೊತೆ. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಯಿತು. ಗಿರಣಿಗಳ ಸೈರನ್ ನಿಂತಿತು, ಕಿರ್ಲೋಸ್ಕರ್ ಬಾಗಿಲು ಮುಚ್ಚಿ ಎರಡು ದಶಕ ದಾಟಿತು. ಆದರೆ ಅಲ್ಲಿ ಕಲಿತ ಕೈಗಳು ಸುಮ್ಮನೆ ಕೂರಲಿಲ್ಲ. ಸಣ್ಣ ಶೆಡ್ಡುಗಳಲ್ಲಿ ಲೇತ್, ಡ್ರಿಲ್ಲಿಂಗ್, ವೆಲ್ಡಿಂಗ್ ಕೆಲಸ ಇವತ್ತಿಗೂ ನಡೆಯುತ್ತದೆ. ಟನ್ನುಗಟ್ಟಲೆ ತೂಗುವ ಯಂತ್ರವನ್ನು ಹತ್ತು ಅಡಿ ಅಗಲದ ಗಲ್ಲಿಗೆ ತರಬೇಕು, ಕ್ರೇನ್ ಒಳಗೆ ಬರದು. ಹೊಲದಲ್ಲಿ ಬೋರ್‌ವೆಲ್ ಮೋಟಾರ್ ಮೇಲೆತ್ತಬೇಕು, ಲಾರಿ ಹೋಗಲು ದಾರಿಯಿಲ್ಲ. ಎರಡನೇ ಮಹಡಿಗೆ ಮರಳು, ಕಬ್ಬಿಣ, ನೀರಿನ ಟ್ಯಾಂಕ್ ಏರಿಸಬೇಕು. ಇಂಥ ಕಡೆಯೆಲ್ಲ ಕೈ ವಿಂಚೇ ಗತಿ. ಕರೆಂಟ್ ಬೇಡ, ಡೀಸೆಲ್ ಬೇಡ, ಬಾಡಿಗೆಯೂ ಕಮ್ಮಿ.

ನೋಡಲು ಸರಳ ವಸ್ತು. ಒಂದು ಡ್ರಮ್ಮು, ಅದಕ್ಕೆ ಸುತ್ತಿದ ತಂತಿ ಹಗ್ಗ, ಒಂದು ಜೊತೆ ಗೇರು, ಒಂದು ಹ್ಯಾಂಡಲ್. ಹ್ಯಾಂಡಲ್ಲಿನ ಉದ್ದ 300 ಮಿ.ಮೀ., ಡ್ರಮ್ಮಿನ ನಡುವಿನಿಂದ ಹಗ್ಗದವರೆಗಿನ ದೂರ 33 ಮಿ.ಮೀ., ಗೇರು ನಾಲ್ಕಕ್ಕೆ ಒಂದು ಎಂದಿಟ್ಟುಕೊಂಡರೆ ಕೈಯ ಬಲ ಲೆಕ್ಕದಲ್ಲಿ 36 ಪಟ್ಟಾಗುತ್ತದೆ. ಸವೆತ, ತಿಕ್ಕಾಟಕ್ಕೆ ಒಂದು ಪಾಲು ಹೋದರೂ 15 ಕೆ.ಜಿ.ಯ ತಳ್ಳುವಿಕೆಗೆ ಮೂರೂವರೆ ಕ್ವಿಂಟಲ್ ಏಳುತ್ತದೆ. ಬಾವಿಯ ಗಡಗಡೆ, ಎತ್ತು ಹೂಡಿದ ಕಪಿಲೆ, ಏತ ಇವೆಲ್ಲ ಈ ನಾಡಿನಲ್ಲಿ ಬಲವನ್ನು ಉಳಿಸಿಯೋ ತಿರುಗಿಸಿಯೋ ನೀರೆತ್ತಿದವು. ವಿಂಚ್ ಅದನ್ನೇ ಗೇರಿನಲ್ಲಿ ಮಾಡುತ್ತದೆ.

ಕಷ್ಟ ಇರುವುದು ಎತ್ತುವುದರಲ್ಲಲ್ಲ, ಹಿಡಿದು ನಿಲ್ಲಿಸುವುದರಲ್ಲಿ ಮತ್ತು ಇಳಿಸುವುದರಲ್ಲಿ. ಕೈಯ ಬಲವನ್ನು 36 ಪಟ್ಟು ಮಾಡುವ ಅದೇ ಗೇರು, ಕೈ ತಪ್ಪಿದರೆ ಬೀಳುವ ಭಾರದ ವೇಗವನ್ನೂ ಹ್ಯಾಂಡಲ್ಲಿಗೆ ಅಷ್ಟೇ ಪಟ್ಟು ಮಾಡಿ ಕೊಡುತ್ತದೆ. ಭಾರ ಒಂದು ಅಡಿ ಜಾರುವಷ್ಟರಲ್ಲಿ ಹ್ಯಾಂಡಲ್ಲಿನ ತುದಿ 36 ಅಡಿ ಸುತ್ತಿರುತ್ತದೆ. ಅದು ಮುಂಗೈಗೆ, ದವಡೆಗೆ, ಎದೆಗೆ ಬಡಿಯುವುದು ಹೀಗೆ.

ಆದ್ದರಿಂದ ವಿಂಚ್ ಕೊಳ್ಳುವಾಗಲೋ ಬಾಡಿಗೆಗೆ ತರುವಾಗಲೋ ಮೊದಲು ನೋಡಬೇಕಾದ್ದು ಎಷ್ಟು ಎತ್ತುತ್ತದೆ ಎಂದಲ್ಲ, ಕೈ ಬಿಟ್ಟರೆ ನಿಲ್ಲುತ್ತದೆಯೇ ಎಂದು. ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟ ಎರಡು ವಿಂಚುಗಳು ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಒಳಗೆ ಮಾತ್ರ ಅವುಗಳ ಜಾತಿಯೇ ಬೇರೆ.

ಮೊದಲನೆಯದು ಬರೀ ರ‍್ಯಾಚೆಟ್ ವಿಂಚ್. ಗೇರಿನ ಹಲ್ಲಿಗೆ ಒಂದು ಕಬ್ಬಿಣದ ನಾಲಿಗೆ ಬಿದ್ದು ಹಿಂದೆ ತಿರುಗದಂತೆ ತಡೆಯುತ್ತದೆ. ದೋಣಿಯನ್ನು ಟ್ರೈಲರ್ ಮೇಲೆ ಎಳೆಯಲು, ಕೆಟ್ಟುನಿಂತ ಗಾಡಿಯನ್ನು ಜಗ್ಗಲು ಇದು ಸಾಕು. ಭಾರ ನೇತುಹಾಕಲು ಇದು ಸಲ್ಲದು. ಯಾಕೆಂದರೆ ಇಳಿಸಬೇಕಾದರೆ ನಾಲಿಗೆಯನ್ನು ಬಿಡಿಸಲೇಬೇಕು. ಬಿಡಿಸಿದ ಕ್ಷಣದಿಂದ ಅಷ್ಟೂ ಭಾರ ಹ್ಯಾಂಡಲ್ ಹಿಡಿದವನ ಕೈಮೇಲೆ. ಬೆವರಿದ ಅಂಗೈ ಜಾರಿತೋ, ಮುಗಿಯಿತು.

ಎರಡನೆಯದು ಬ್ರೇಕ್ ವಿಂಚ್. ಹತ್ತೊಂಬತ್ತನೇ ಶತಮಾನದ ಥಾಮಸ್ ವೆಸ್ಟನ್ ಹೆಸರಿನ ಬ್ರೇಕು ಇದರೊಳಗಿದೆ. ಚೈನ್ ಬ್ಲಾಕಿನಲ್ಲಿ ಇರುವುದೂ ಇದೇ ತತ್ವ. ಹ್ಯಾಂಡಲ್ ಒಂದು ಮರೆಯುಳ್ಳ (ಥ್ರೆಡ್ ಕೊರೆದ) ದಂಡದ ಮೇಲೆ ಕೂತಿರುತ್ತದೆ. ಎತ್ತುವ ಕಡೆಗೆ ತಿರುಗಿಸಿದಾಗ ಮರೆ ಬಿಗಿಯಾಗಿ ಎರಡು ಘರ್ಷಣೆ ಬಿಲ್ಲೆಗಳು ರ‍್ಯಾಚೆಟ್ ಚಕ್ರವನ್ನು ನಡುವೆ ಅದುಮಿ ಹಿಡಿಯುತ್ತವೆ, ಎಲ್ಲವೂ ಒಟ್ಟಿಗೆ ತಿರುಗುತ್ತದೆ, ನಾಲಿಗೆ ಟಕ್ ಟಕ್ ಎನ್ನುತ್ತ ಹಲ್ಲುಗಳ ಮೇಲೆ ಹಾಯುತ್ತದೆ. ಕೈ ಬಿಟ್ಟಾಗ ಭಾರ ಡ್ರಮ್ಮನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಆ ಪ್ರಯತ್ನವೇ ಮರೆಯನ್ನು ಇನ್ನಷ್ಟು ಬಿಗಿಮಾಡುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಇಳಿಸಲು ಹ್ಯಾಂಡಲ್ಲನ್ನು ಹಿಂದಕ್ಕೆ ತಿರುಗಿಸಬೇಕು, ತಿರುಗಿಸಿದಷ್ಟೇ ಇಳಿಯುತ್ತದೆ, ನಿಲ್ಲಿಸಿದಲ್ಲಿ ನಿಲ್ಲುತ್ತದೆ.

ಈ ಟಕ್ ಟಕ್ ಸದ್ದು ಬಲು ಮುಖ್ಯ. ಬ್ರೇಕು ಕೆಲಸ ಮಾಡುವುದು ಡ್ರಮ್ಮಿಗೆ ಹಗ್ಗ ಸರಿಯಾದ ಮಗ್ಗುಲಿನಿಂದ ಸುತ್ತಿದ್ದರೆ ಮಾತ್ರ. ಹಗ್ಗವನ್ನು ಉಲ್ಟಾ ಸುತ್ತಿಕೊಂಡರೂ ಭಾರ ಏಳುತ್ತದೆ, ಆದರೆ ಹ್ಯಾಂಡಲ್ಲನ್ನು ಇಳಿಸುವ ದಿಕ್ಕಿಗೆ ತಿರುಗಿಸಿ ಏಳಿಸಿದಂತಾಗುತ್ತದೆ, ಬ್ರೇಕು ಹಿಡಿಯುವುದಿಲ್ಲ. ಎತ್ತುವಾಗ ಟಕ್ ಟಕ್ ಕೇಳದಿದ್ದರೆ ಅಲ್ಲೇ ನಿಲ್ಲಿಸಿ ಹಗ್ಗ ಬಿಚ್ಚಿ ಸರಿಯಾಗಿ ಸುತ್ತಬೇಕು. ಇನ್ನೊಂದು ಮಾತು: ಗೇರಿಗೆ ಗ್ರೀಸ್ ಹಾಕುವ ಉತ್ಸಾಹದಲ್ಲಿ ಬ್ರೇಕ್ ಬಿಲ್ಲೆಗಳಿಗೂ ಎಣ್ಣೆ ಬಿಡುವವರಿದ್ದಾರೆ. ಎಣ್ಣೆ ಕುಡಿದ ಬಿಲ್ಲೆ ಹಿಡಿಯುವುದಿಲ್ಲ. ಭಾರ ತೀರಾ ಕಡಿಮೆಯಿದ್ದಾಗಲೂ ಬ್ರೇಕಿಗೆ ಬಿಗಿತ ಸಾಲದೆ ಜಾರಬಹುದು, ಹಾಗಾಗಿ ಖಾಲಿ ಕೊಕ್ಕೆಯನ್ನು ಇಳಿಸುವಾಗ ಹಗ್ಗವನ್ನು ಕೆಳಗಿನಿಂದ ತುಸು ಎಳೆದು ಹಿಡಿದಿರಬೇಕು.

ಇನ್ನು ತೂಕದ ಮಾತು. ಬೋರ್‌ವೆಲ್ ಮೋಟಾರ್ ಎತ್ತುವವರನ್ನು ಎಷ್ಟು ಭಾರ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಮೋಟಾರಿನ ತೂಕ, ಐವತ್ತೋ ಅರವತ್ತೋ ಕೆ.ಜಿ. ಆದರೆ ಮೇಲೆ ಬರುವುದು ಮೋಟಾರ್ ಒಂದೇ ಅಲ್ಲ. ಎರಡಿಂಚಿನ ಜಿಐ ಪೈಪು ಮೀಟರಿಗೆ ಸುಮಾರು 5 ಕೆ.ಜಿ. ತೂಗುತ್ತದೆ. ಇಪ್ಪತ್ತಡಿಯ ಒಂದು ಪೈಪೆಂದರೆ 31 ಕೆ.ಜಿ. ಮುನ್ನೂರು ಅಡಿಗೆ ಹದಿನೈದು ಪೈಪು, ಅಂದರೆ 465 ಕೆ.ಜಿ. ಕೆಳಗಿನ ವಾಲ್ವು ಚೆನ್ನಾಗಿದ್ದರೆ ಪೈಪಿನೊಳಗೆ ನೀರು ನಿಂತಿರುತ್ತದೆ, ಮೀಟರಿಗೆ ಎರಡು ಲೀಟರಿಗೂ ಮೇಲೆ, ಒಟ್ಟು ಎರಡು ಕ್ವಿಂಟಲ್. ಮೋಟಾರು, ಕೇಬಲ್ ಸೇರಿಸಿದರೆ ಏಳೂವರೆ ಕ್ವಿಂಟಲ್‌ಗೆ ಬಂದು ನಿಲ್ಲುತ್ತದೆ.

ಇದರಲ್ಲಿ ಮತ್ತೊಂದು ಸೂಕ್ಷ್ಮವಿದೆ. ಕೊಳವೆಯಲ್ಲಿ ನೀರು ಮೇಲಿರುವಾಗ ಮುಳುಗಿದ ಪೈಪನ್ನು ನೀರೇ ಸ್ವಲ್ಪ ಎತ್ತಿ ಹಿಡಿದಿರುತ್ತದೆ, ಒಳಗಿನ ನೀರಿನ ತೂಕವೂ ಹೊರಗಿನ ನೀರಿಗೆ ಸಮವಾಗಿ ಕಳೆದುಹೋಗುತ್ತದೆ. ಅಂತರ್ಜಲ ಇಳಿದಷ್ಟೂ ಆ ನೆರವು ತಪ್ಪುತ್ತದೆ. ಮೋಟಾರ್ ಎತ್ತಿಸುವ ಕೆಲಸ ಹೆಚ್ಚು ಬರುವುದು ಬೇಸಿಗೆಯಲ್ಲಿ, ನೀರು ಪಾತಾಳ ಕಂಡಾಗ. ಹೋದ ಮಳೆಗಾಲದಲ್ಲಿ ಇದೇ ವಿಂಚಿನಲ್ಲಿ ಎತ್ತಿದ್ದೆವು ಎಂಬ ಧೈರ್ಯ ಏಪ್ರಿಲ್‌ನಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಕಪ್ಪು ಎಚ್‌ಡಿಪಿಇ ಪೈಪು ಇದ್ದರೆ ತೂಕ ಬಹಳ ಕಡಿಮೆ, ಲೆಕ್ಕವೇ ಬೇರೆ. ಯಾವುದಾದರೂ ಸರಿ, ಹ್ಯಾಂಡಲ್ ಮುಟ್ಟುವ ಮೊದಲು ಕಾಗದದ ಮೇಲೆ ಕೂಡಿಸಿ ನೋಡುವುದು ಎರಡು ನಿಮಿಷದ ಕೆಲಸ.

ತೂಕ ತಿಳಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಇಲ್ಲಿ ಅನುಭವಸ್ಥ ಮೇಸ್ತ್ರಿಗಳೂ ಎಡವುತ್ತಾರೆ. ವಿಂಚ್ ಕೆಳಗಿದ್ದು ಹಗ್ಗ ಮೇಲಿನ ರಾಟೆಯನ್ನು ಹಾಯ್ದು ಭಾರಕ್ಕೆ ಇಳಿದಿದೆ ಎನ್ನಿ. ಭಾರದ ಕಡೆಯ ಹಗ್ಗ ರಾಟೆಯನ್ನು 750 ಕೆ.ಜಿ.ಯಷ್ಟು ಕೆಳಕ್ಕೆ ಎಳೆಯುತ್ತದೆ. ವಿಂಚಿನ ಕಡೆಯ ಹಗ್ಗವೂ ಅಷ್ಟೇ ಎಳೆಯುತ್ತದೆ. ರಾಟೆ ನೇತಾಡುವ ಪಿನ್ನು, ಕೊಕ್ಕೆ, ಮೂರು ಕಾಲಿನ ಟ್ರೈಪಾಡಿನ ನೆತ್ತಿ ಹೊರುವುದು ಒಂದೂವರೆ ಟನ್. ಒಂದು ಟನ್ನಿನ ರಾಟೆ ತಂದು ಮುಕ್ಕಾಲು ಟನ್ನಿಗೆ ಸಾಕು ಎಂದುಕೊಂಡವರು ಆಗಲೇ ಮಿತಿ ಮೀರಿದ್ದಾರೆ.

ವಿಂಚನ್ನು ಟ್ರೈಪಾಡಿನ ಕಾಲಿಗೇ ಬಿಗಿದರೆ ಎಳೆತ ಆ ಚೌಕಟ್ಟಿನೊಳಗೇ ಉಳಿಯುತ್ತದೆ. ವಿಂಚನ್ನು ದೂರದ ಗೂಟಕ್ಕೋ ಮರಕ್ಕೋ ಕಟ್ಟಿದರೆ ಹಗ್ಗ ಓರೆಯಾಗಿ ಎಳೆದು ಟ್ರೈಪಾಡನ್ನೇ ತನ್ನ ಕಡೆಗೆ ಬೀಳಿಸಲು ನೋಡುತ್ತದೆ. ಹಾಗೆ ಮಾಡಲೇಬೇಕಾದರೆ ಟ್ರೈಪಾಡಿನ ಬುಡದಲ್ಲಿ ಇನ್ನೊಂದು ರಾಟೆ ಕಟ್ಟಿ ಹಗ್ಗವನ್ನು ಅಲ್ಲಿಂದ ತಿರುಗಿಸಬೇಕು. ಮೂರು ಕಾಲುಗಳೂ ಜಾರದಂತೆ ಬುಡದ ಬಳಿ ಚೈನಿನಿಂದ ಒಂದಕ್ಕೊಂದು ಬಿಗಿದಿರಬೇಕು. ದಾವಣಗೆರೆ ಸೀಮೆಯ ಎರೆ ಭೂಮಿಯಲ್ಲಿ, ಭದ್ರಾ ನಾಲೆಯ ನೀರು ಕುಡಿದ ಗದ್ದೆ ಬದುಗಳಲ್ಲಿ ಒಂದು ಕಾಲು ನಾಲ್ಕು ಬೆರಳು ಹೂತರೂ ಇಡೀ ಭಾರ ಆ ಮಗ್ಗುಲಿಗೆ ವಾಲುತ್ತದೆ. ಪ್ರತಿ ಕಾಲಿನ ಅಡಿಗೂ ದಪ್ಪ ಹಲಗೆ ಹಾಕುವುದು ತೋರಿಕೆಗೆ ಅಲ್ಲ.

ಕಟ್ಟಡಗಳಲ್ಲಿ ಬಹುತೇಕ ತಪ್ಪು ಪ್ಯಾರಾಪೆಟ್ ಗೋಡೆಯಲ್ಲಿ ಆಗುತ್ತದೆ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಒರಗಿ ನಿಲ್ಲಲು ಕಟ್ಟಿದ್ದು, ಭಾರ ಹೊರಲು ಅಲ್ಲ. ಅದರ ಮೇಲೆ ಪೈಪು ಅಡ್ಡ ಹಾಕಿ ರಾಟೆ ತೂಗುಹಾಕುವುದು, ಸಜ್ಜಕ್ಕೆ ಬೋಲ್ಟ್ ಹೊಡೆಯುವುದು ಎರಡೂ ಬೇಡ. ವಿಂಚ್ ಕೂರಬೇಕಾದ್ದು ಆರ್‌ಸಿಸಿ ತೊಲೆಯ ಮೇಲೆ ಅಥವಾ ಉಕ್ಕಿನ ಚೌಕಟ್ಟಿನ ಮೇಲೆ, ತಯಾರಕರು ಹೇಳಿದ ಅಳತೆಯ ಬೋಲ್ಟುಗಳಲ್ಲಿ, ತಳದಲ್ಲಿ ಎಷ್ಟು ತೂತುಗಳಿವೆಯೋ ಅಷ್ಟೂ ಬೋಲ್ಟು ಹಾಕಿ. ಮೂರು ಹಾಕಿದರೆ ನಡೆಯುತ್ತದೆ ಎಂಬ ಮಾತು ಕೆಲಸದ ಅವಸರದಲ್ಲಿ ಹುಟ್ಟುವಂಥದ್ದು.

ಈಗ ಹಗ್ಗಕ್ಕೆ ಬರೋಣ. ವಿಂಚಿನ ಮೇಲೆ 500 ಕೆ.ಜಿ. ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಡ್ರಮ್ಮಿನ ಮೊದಲ ಪದರಕ್ಕೆ ಸಲ್ಲುವ ಮಾತು. ಹಗ್ಗ ಸುತ್ತಿಕೊಳ್ಳುತ್ತ ಹೋದಂತೆ ಡ್ರಮ್ಮು ದಪ್ಪವಾಗುತ್ತದೆ, ದಪ್ಪವಾದಷ್ಟೂ ವಿಂಚಿನ ಬಲ ಇಳಿಯುತ್ತದೆ. 60 ಮಿ.ಮೀ. ದಪ್ಪದ ಡ್ರಮ್ಮಿಗೆ 6 ಮಿ.ಮೀ. ಹಗ್ಗ ಸುತ್ತಿದರೆ ನಾಲ್ಕನೇ ಪದರಕ್ಕೆ ಬರುವಾಗ 500 ಇದ್ದದ್ದು 325ರ ಆಸುಪಾಸಿಗೆ ಬಂದಿರುತ್ತದೆ. ಭಾರ ಮೇಲೇರುತ್ತ ಹೋದಂತೆ ಹ್ಯಾಂಡಲ್ ಗಟ್ಟಿಯಾಗುವುದು ಇದಕ್ಕೇ. ಆಗ ಹ್ಯಾಂಡಲ್ಲಿಗೆ ಪೈಪು ತೂರಿಸಿ ಉದ್ದ ಮಾಡಿಕೊಳ್ಳುವುದು, ಇನ್ನೊಬ್ಬನನ್ನು ಕೈಜೋಡಿಸಲು ಕರೆಯುವುದು ಅಪಾಯದ ದಾರಿ. ಒಬ್ಬನ ಕೈಗೆ ತಿರುಗದ ಒಂದು ಹ್ಯಾಂಡಲ್ಲಿನ ವಿಂಚ್ ತನ್ನ ಮಿತಿ ಮುಟ್ಟಿದ್ದೇನೆಂದು ಹೇಳುತ್ತಿರುತ್ತದೆ. ಕೆಲಸ ಬೇಗ ಆಗಲೆಂದು ಡ್ರಿಲ್ ಮಷೀನ್ ಸಿಕ್ಕಿಸಿ ತಿರುಗಿಸುವುದಂತೂ ಬ್ರೇಕನ್ನು ಸುಟ್ಟುಹಾಕುವ ಕೆಲಸ.

ಇನ್ನೊಂದು ತುದಿಯಲ್ಲೂ ಮಿತಿಯಿದೆ. ಹಗ್ಗ ಎಷ್ಟೇ ಕೆಳಗಿಳಿದರೂ ಡ್ರಮ್ಮಿನ ಮೇಲೆ ಕನಿಷ್ಠ ಮೂರು ಸುತ್ತು ಉಳಿದಿರಬೇಕು. ಹಗ್ಗದ ತುದಿಯನ್ನು ಡ್ರಮ್ಮಿಗೆ ಹಿಡಿಸಿದ ಸಣ್ಣ ಸ್ಕ್ರೂ ಭಾರ ಹೊರಲು ಇಟ್ಟದ್ದಲ್ಲ. ಆ ಮೂರು ಸುತ್ತಿನ ತಿಕ್ಕಾಟವೇ ಹಗ್ಗವನ್ನು ಹಿಡಿಯುವುದು. ಕೊನೆಯ ಐದು ಸುತ್ತಿನ ಹಗ್ಗಕ್ಕೆ ಕೆಂಪು ಬಣ್ಣ ಬಳಿದರೆ ಅರೆಬೆಳಕಿನಲ್ಲೂ ಕಾಣುತ್ತದೆ.

ಹಗ್ಗದ ತುದಿಗೆ ಕೊಕ್ಕೆ ಕೂರಿಸಲು ಕಣ್ಣು ಮಾಡುವಲ್ಲಿ ಹೆಚ್ಚಿನ ಜಾಗ್ರತೆ ಬೇಕು. ತಂತಿ ಹಗ್ಗಕ್ಕೆ ಗಂಟು ಹಾಕಿದರೆ ಅದರ ಅರ್ಧ ಬಲ ಅಲ್ಲೇ ಹೋಯಿತು. ಕಾರ್ಖಾನೆಯಲ್ಲೇ ಲೋಹದ ಕೊಳವೆ (ಸ್ಲೀವ್) ಒತ್ತಿ ಮಾಡಿಸಿದ ಕಣ್ಣು ಎಲ್ಲಕ್ಕಿಂತ ಉತ್ತಮ. ಅದಿಲ್ಲದಿದ್ದರೆ ಯು-ಕ್ಲಾಂಪ್. ಈ ಕ್ಲಾಂಪಿನಲ್ಲಿ ಎರಡು ಭಾಗ: ದುಂಡನೆಯ ಯು-ಬೋಲ್ಟು ಮತ್ತು ಅಚ್ಚು ಕೊರೆದ ಸ್ಯಾಡಲ್. ಕಣ್ಣು ಮಾಡಲು ಮಡಿಸಿದಾಗ ಹಗ್ಗದಲ್ಲಿ ಎರಡು ಎಳೆ ಪಕ್ಕಪಕ್ಕ ಬರುತ್ತವೆ, ಒಂದು ಭಾರ ಹೊರುವ ಉದ್ದನೆಯದು, ಇನ್ನೊಂದು ಮಡಿಸಿ ಉಳಿದ ಗಿಡ್ಡ ತುದಿ. ಸ್ಯಾಡಲ್ ಕೂರಬೇಕಾದ್ದು ಭಾರ ಹೊರುವ ಎಳೆಯ ಮೇಲೆ. ಯು-ಬೋಲ್ಟು ಹಗ್ಗವನ್ನು ಕಚ್ಚಿ ಜಜ್ಜುತ್ತದೆ, ಆದ್ದರಿಂದ ಅದು ಕಚ್ಚುವುದಿದ್ದರೆ ಗಿಡ್ಡ ತುದಿಯನ್ನೇ ಕಚ್ಚಲಿ. ಒಂದನ್ನು ಹೀಗೆ, ಇನ್ನೊಂದನ್ನು ಹಾಗೆ, ಅದಲುಬದಲಾಗಿ ಹಾಕಿದ ಕ್ಲಾಂಪುಗಳು ಮಾರುಕಟ್ಟೆಯಲ್ಲಿ, ಹೊಲಗಳಲ್ಲಿ ಧಾರಾಳವಾಗಿ ಕಾಣಸಿಗುತ್ತವೆ. ನೋಡಲು ಚೆಂದ, ಹೊರುವ ಎಳೆ ಮಾತ್ರ ಗಾಯಗೊಂಡಿರುತ್ತದೆ. ಕನಿಷ್ಠ ಮೂರು ಕ್ಲಾಂಪು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಹಗ್ಗದ ದಪ್ಪದ ಆರರಷ್ಟು ಅಂತರ, ಅಂದರೆ 8 ಮಿ.ಮೀ. ಹಗ್ಗಕ್ಕೆ ಸುಮಾರು 5 ಸೆಂ.ಮೀ. ಕಣ್ಣಿನ ಒಳಗೆ ತಂತಿ ನುಜ್ಜಾಗದಂತೆ ತಿಂಬಲ್ ಎಂಬ ಲೋಹದ ಬಳೆ ಇರಬೇಕು. ಮೊದಲ ಸಲ ಭಾರ ಬಿದ್ದ ಮೇಲೆ ಹಗ್ಗ ತುಸು ತೆಳುವಾಗುತ್ತದೆ, ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಈ ಎರಡನೇ ಬಿಗಿತವನ್ನು ಬಿಟ್ಟುಬಿಡುವುದರಿಂದಲೇ ಕಣ್ಣು ಜಾರುತ್ತದೆ.

ಹಗ್ಗ ಹೇಳುವ ಸೂಚನೆಗಳು ಸ್ಪಷ್ಟ. ತಂತಿಗಳನ್ನು ಹೊಸೆದು ಮಾಡಿದ ಒಂದು ಎಳೆ ಹಗ್ಗದ ಸುತ್ತ ಪೂರ್ತಿ ಒಂದು ಸುತ್ತು ಬರುವಷ್ಟು ಉದ್ದದಲ್ಲಿ ಆರು ತಂತಿ ಮುರಿದಿದ್ದರೆ ಅಥವಾ ಒಂದೇ ಎಳೆಯಲ್ಲಿ ಮೂರು ತಂತಿ ಮುರಿದಿದ್ದರೆ ಹಗ್ಗ ಬದಲಿಸಬೇಕು. ಎಲ್ಲಾದರೂ ಮುರುಟಿ ಗೆಣ್ಣಾಗಿದ್ದರೆ, ಎಳೆಗಳು ಬಿಚ್ಚಿ ಪಂಜರದಂತೆ ಉಬ್ಬಿದ್ದರೆ, ತುಕ್ಕು ಒಳಗೆ ಇಳಿದಿದ್ದರೆ, ವೆಲ್ಡಿಂಗ್ ಕಿಡಿ ತಗುಲಿದ್ದರೆ ಎಣಿಸುವ ಗೊಡವೆಯೇ ಬೇಡ. ಬರಿಗೈಯಲ್ಲಿ ಸವರಿ ನೋಡಬಾರದು, ಚಾಚಿದ ತಂತಿ ಚರ್ಮವನ್ನು ಸೀಳುತ್ತದೆ. ಹಳೆ ಬಟ್ಟೆ ಸುತ್ತಿ ಮೆಲ್ಲಗೆ ಎಳೆದರೆ ಮುರಿದ ತಂತಿ ಇರುವಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಚಿಕ್ಕ ರಾಟೆಯ ಮೇಲೆ ಹಾಯ್ದ ಹಗ್ಗ ಬೇಗ ಸಾಯುತ್ತದೆ. ಹಗ್ಗದ ದಪ್ಪದ ಹದಿನೆಂಟಿಪ್ಪತ್ತರಷ್ಟಾದರೂ ರಾಟೆಯ ಅಗಲ ಇರಬೇಕು, 6 ಮಿ.ಮೀ. ಹಗ್ಗಕ್ಕೆ ಸುಮಾರು 11 ಸೆಂ.ಮೀ. ಅಗಲದ ರಾಟೆಗಿಂತ ಕಡಿಮೆಯದು ಬೇಡ.

ಭಾರವನ್ನು ಕಟ್ಟುವ ಸ್ಲಿಂಗಿಗೂ ಲೆಕ್ಕವಿದೆ. ಲೇತಿನ ಹೆಡ್‌ಸ್ಟಾಕನ್ನು ಎರಡು ಕಾಲಿನ ಸ್ಲಿಂಗಿನಲ್ಲಿ ಎತ್ತುವಾಗ ಕಾಲುಗಳು ನೆಲದಿಂದ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಕಾಲಿಗೆ ಭಾರದ ನೂರಕ್ಕೆ 58 ಪಾಲು ಬೀಳುತ್ತದೆ. 45ಕ್ಕೆ ಇಳಿದರೆ 71. 30 ಡಿಗ್ರಿಗೆ ಮಲಗಿದರೆ ಒಂದೊಂದು ಕಾಲೂ ಪೂರ್ತಿ ಭಾರವನ್ನೇ ಹೊರುತ್ತದೆ. ಶೆಡ್ಡಿನ ಸೂರು ತಗ್ಗು ಎಂದು ಸ್ಲಿಂಗನ್ನು ಗಿಡ್ಡ ಮಾಡಿದಾಗ ಆಗುವುದು ಇದೇ.

ಎಲ್ಲವೂ ಸರಿಯಿದೆ ಎನಿಸಿದ ಮೇಲೆ ಭಾರವನ್ನು ನೆಲದಿಂದ ಒಂದು ಗೇಣು ಎತ್ತಿ ನಿಲ್ಲಿಸಬೇಕು. ಹ್ಯಾಂಡಲ್ಲಿನಿಂದ ಕೈಯನ್ನು ಮೆಲ್ಲನೆ ತೆಗೆಯಬೇಕು. ಭಾರ ಅಲ್ಲಾಡದೆ ನಿಂತಿದೆಯೇ, ಟ್ರೈಪಾಡಿನ ಕಾಲು ಇಳಿದಿದೆಯೇ, ಕ್ಲಾಂಪಿನ ಬಳಿ ಹಗ್ಗ ಜಾರಿದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಒಂದು ಗೇಣಿನಿಂದ ಬಿದ್ದರೆ ಸಾಮಾನು ಕೆಡಬಹುದು, ಹತ್ತಡಿಯಿಂದ ಬಿದ್ದರೆ ಮನುಷ್ಯ ಕೆಡುತ್ತಾನೆ. ಈ ಒಂದು ನಿಮಿಷವನ್ನು ಕೊಡದ ತಂಡ ಎಷ್ಟೇ ನುರಿತದ್ದಾದರೂ ಅದರ ಕೈಗೆ ಕೆಲಸ ಕೊಡಬಾರದು.

ಏಳುವಾಗ ಭಾರದ ಅಡಿಯಲ್ಲಿ ಯಾರೂ ಇರಬಾರದು. ಬಿಗಿಯಾದ ಹಗ್ಗದ ನೇರದಲ್ಲೂ ನಿಲ್ಲಬಾರದು, ತುಂಡಾದ ಹಗ್ಗ ಹಿಂದಕ್ಕೆ ಚಾಟಿ ಬೀಸುತ್ತದೆ. ಭಾರ ತಿರುಗದಂತೆ ಹಿಡಿಯಲು ಅದಕ್ಕೆ ಬೇರೊಂದು ನೂಲಿನ ಹಗ್ಗ ಕಟ್ಟಿ ದೂರದಿಂದ ಹಿಡಿಯಬೇಕು. ಡ್ರಮ್ಮಿನ ಮೇಲೆ ಹಗ್ಗ ಓರೆಕೋರೆಯಾಗಿ ಕೂರುತ್ತಿದ್ದರೆ ಚಾಲನೆಯಲ್ಲಿರುವಾಗ ಕೈಯಿಂದ ಸರಿಪಡಿಸಲು ಹೋಗಬಾರದು. ಕೈಗವಸು ಸಮೇತ ಬೆರಳು ಒಳಗೆ ಹೋಗುತ್ತದೆ. ಸನ್ನೆ ಕೊಡುವವನು ಒಬ್ಬನೇ ಇರಬೇಕು. ಆದರೆ 'ನಿಲ್ಸು' ಎಂಬ ಕೂಗು ಮಾತ್ರ ಯಾರ ಬಾಯಿಂದ ಬಂದರೂ, ನಿನ್ನೆ ಸೇರಿದ ಹುಡುಗನ ಬಾಯಿಂದ ಬಂದರೂ, ಹ್ಯಾಂಡಲ್ ನಿಲ್ಲಬೇಕು.

ಬೋರ್‌ವೆಲ್ ಕೆಲಸದಲ್ಲಿ ಹಗ್ಗಕ್ಕಿಂತ ಹೆಚ್ಚಿನ ಅಪಾಯ ತಲೆಯ ಮೇಲಿರುತ್ತದೆ. ಇಪ್ಪತ್ತಡಿಯ ಕಬ್ಬಿಣದ ಪೈಪು ಮೇಲೆದ್ದು ನಿಂತಾಗ, ಬಿಚ್ಚಿ ಒರಗಿಸುವಾಗ ಹೊಲದ ಮೇಲೆ ಹಾದ ವಿದ್ಯುತ್ ತಂತಿಗೆ ತಾಗಿದರೆ ಪೈಪು ಹಿಡಿದ ಎಲ್ಲರೂ ಸಿಕ್ಕಿಕೊಳ್ಳುತ್ತಾರೆ. 11 ಕೆವಿ ಲೈನಿಗೆ ಪೈಪು ತಾಗಲೇಬೇಕೆಂದೂ ಇಲ್ಲ, ತೀರಾ ಹತ್ತಿರ ಹೋದರೂ ಕರೆಂಟ್ ಹಾರುತ್ತದೆ. ಪೈಪು ವಾಲಿದರೆ ಮುಟ್ಟುವಷ್ಟು ದೂರದಲ್ಲಿ ಲೈನ್ ಇದ್ದರೆ ಬೆಸ್ಕಾಂ ಕಚೇರಿಗೆ ತಿಳಿಸಿ ಲೈನ್ ಆಫ್ ಮಾಡಿಸಿದ ಮೇಲೆಯೇ ಕೆಲಸ.

ಮೋಟಾರು ಕೊಳವೆಯೊಳಗೆ ಹೂಳಿನಲ್ಲಿ ಸಿಕ್ಕಿಕೊಂಡಾಗ ಕೂಡಿಸಿದ ಲೆಕ್ಕವೆಲ್ಲ ತಲೆಕೆಳಗು. ಆಗ ವಿಂಚ್ ಎಳೆಯುತ್ತಿರುವುದು ಏಳೂವರೆ ಕ್ವಿಂಟಲ್ ಅಲ್ಲ, ಇಡೀ ಭೂಮಿಯನ್ನು. 'ಇನ್ನೊಂದ್ ಸುತ್ತು ಹೊಡೀರಪ್ಪಾ, ಬರ್ತೈತಿ' ಎನ್ನುವ ಹೊತ್ತಿನಲ್ಲೇ ಟ್ರೈಪಾಡ್ ಮಡಚಿಕೊಳ್ಳುತ್ತದೆ. ಬಂದರೂ ಕಷ್ಟವೇ. ಬಿಗಿದ ಹಗ್ಗ ಒಮ್ಮೆಲೇ ಸಡಿಲವಾಗಿ ಭಾರ ಜಿಗಿದು ಮತ್ತೆ ಬಿದ್ದಾಗ ಆ ಪೆಟ್ಟು ತೂಕದ ಎರಡು ಪಟ್ಟಿಗೂ ಮೀರುತ್ತದೆ. ಸಿಕ್ಕಿಕೊಂಡ ಮೋಟಾರಿಗೆ ಕೈ ವಿಂಚ್ ಮದ್ದಲ್ಲ. ಎಳೆತ ಅಳೆಯುವ ಮೀಟರಿರುವ ದೊಡ್ಡ ಯಂತ್ರದವರನ್ನು ಕರೆಸುವುದೇ ದಾರಿ, ಮೋಟಾರು ಹೋದರೂ ಹೋಗಲಿ. ಹಾಗೆಯೇ ತೆರೆದ ಬಾವಿಯ ಹೂಳು ತೆಗೆಯಲು ಇದೇ ಹಗ್ಗದಲ್ಲಿ ಮನುಷ್ಯರನ್ನು ಇಳಿಸುವುದು ಸಲ್ಲದು. ಮನುಷ್ಯರನ್ನು ಇಳಿಸುವ ವಿಂಚಿಗೆ ಎರಡನೇ ಬ್ರೇಕು, ಬೇರೆಯೇ ಸುರಕ್ಷಾ ಹಗ್ಗ, ಬೇರೆಯೇ ಪರೀಕ್ಷೆ ಇರುತ್ತದೆ. ಸಾಮಾನು ಎತ್ತುವ ವಿಂಚಿನಲ್ಲಿ ಇದ್ಯಾವುದೂ ಇಲ್ಲ.

ಕಾನೂನಿಗೆ ಇದೆಲ್ಲ ಹೊಸದಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 29ನೇ ಕಲಂ ಭಾರ ಎತ್ತುವ ಯಂತ್ರಗಳ ಪಟ್ಟಿಯಲ್ಲಿ ವಿಂಚಿನ ಹೆಸರನ್ನೇ ಬರೆದಿತ್ತು. ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಪೂರ್ತಿ ತಪಾಸಣೆ, ಸುರಕ್ಷಿತ ಭಾರದ ಮಿತಿ ಮತ್ತು ಗುರುತಿನ ಸಂಖ್ಯೆಯನ್ನು ಸಲಕರಣೆಯ ಮೇಲೆ ಕಾಣುವಂತೆ ನಮೂದಿಸುವುದು, ರಿಜಿಸ್ಟರಿನಲ್ಲಿ ದಾಖಲಿಸುವುದು ಇವೆಲ್ಲ ಅದರಲ್ಲಿ ಕಡ್ಡಾಯವಾಗಿದ್ದವು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಕಾಯ್ದೆಯ ಜಾಗಕ್ಕೆ ಬಂದಿದೆ. ಆದರೆ ಕಾರ್ಖಾನೆ ಎನಿಸಿಕೊಳ್ಳಲು ಇಂತಿಷ್ಟು ಕೆಲಸಗಾರರು ಇರಬೇಕು. ನಾಲ್ಕು ಜನರ ಶೆಡ್ಡು, ಹೊಲದ ಬೋರ್‌ವೆಲ್ ಈ ಲೆಕ್ಕದ ಹೊರಗೆ ಉಳಿದುಬಿಡುತ್ತವೆ. ಕೈ ವಿಂಚ್ ಹೆಚ್ಚಾಗಿ ಕೆಲಸ ಮಾಡುವುದು ಅಂಥ ಕಡೆಯೇ. ಇನ್ಸ್‌ಪೆಕ್ಟರ್ ಬರದ ಜಾಗದಲ್ಲಿ ಆ ಕೆಲಸವನ್ನು ಬಳಸುವವರೇ ಮಾಡಬೇಕಾಗಿದೆ.

ಹರಿಹರ, ದಾವಣಗೆರೆಯ ಶೆಡ್ಡುಗಳಿಗೆ ಇದು ಕೈಗೆಟುಕದ ಕೆಲಸವೇನಲ್ಲ. ಲೇತ್ ಕಟ್ಟಿದ ಊರಿಗೆ ಬ್ರೇಕ್ ಬಿಲ್ಲೆಯೊಂದನ್ನು ಹೊಸದಾಗಿ ಕೂರಿಸುವುದು, ಸವೆದ ನಾಲಿಗೆಗೆ ಹೊಸದು ಹಾಕುವುದು ಕಷ್ಟವಲ್ಲ. ವಿಂಚು, ಟ್ರೈಪಾಡುಗಳನ್ನು ಬಾಡಿಗೆಗೆ ಕೊಡುವವರು ಪ್ರತಿಯೊಂದಕ್ಕೂ ಒಂದು ತಗಡಿನ ಪಟ್ಟಿ ರಿವೆಟ್ ಹೊಡೆದು ಅದರ ಮೇಲೆ ಕನ್ನಡದಲ್ಲಿ ನಾಲ್ಕೇ ವಿಷಯ ಕೆತ್ತಿಸಬಹುದು: ಮೊದಲ ಪದರದಲ್ಲಿ ಎಷ್ಟು ಭಾರ, ಕೊನೆಯ ಪದರದಲ್ಲಿ ಎಷ್ಟು ಭಾರ, ಹಗ್ಗ ಹಾಕಿದ ತಾರೀಖು, ಬ್ರೇಕ್ ಬಿಚ್ಚಿ ನೋಡಿದ ತಾರೀಖು. ಬಾಡಿಗೆಗೆ ಒಯ್ಯುವ ರೈತ ಅಥವಾ ಮೇಸ್ತ್ರಿ ಆ ಪಟ್ಟಿ ಇಲ್ಲದ ವಿಂಚನ್ನು ವಾಪಸ್ ಇಟ್ಟು ಪಕ್ಕದ ಅಂಗಡಿಗೆ ಹೋಗತೊಡಗಿದರೆ, ಒಂದೇ ಬೇಸಿಗೆಯಲ್ಲಿ ಎಲ್ಲ ವಿಂಚುಗಳಿಗೂ ಪಟ್ಟಿ ಬಂದಿರುತ್ತದೆ.